ಆಟ

ಮಿಲ್ಲೆ ಪೇಟೆಯಲ್ಲಿ ಹಗಲು ಕಬ್ಬಿಣ ಮುಟ್ಟಬಾರದು.
ಸ್ಪ್ಯಾನರ್ ಹಿಡಿದ ಅಂಗೈಯಲ್ಲಿ ಅದರ ನಂಬರು ಏಳುತ್ತದೆ,
ಹದಿನೇಳೋ ಹತ್ತೊಂಬತ್ತೋ, ಓದಿ ಹೇಳಬಹುದು.
ಸೂರ್ಯ ಮುಳುಗಿ ಒಂದು ತಾಸಾದ ಮೇಲೆ,
ಇಲ್ಲಿನ ಗಡಿಯಾರದಲ್ಲಿ ರಾತ್ರಿ ಒಂದು ಗಂಟೆಗೆ,
ನಮ್ಮ ಶೆಡ್ಡಿಗೆ ಬೆಳಗಾಗುತ್ತದೆ.

ತೆಕೆಸ್ತೆ ಬಂದ. ಜಿಬೂತಿಯ ಗೊಬ್ಬರದ ಮೂಟೆ, ಮೇಲೆ ತಾಡಪಾಲು,
ತಾಡಪಾಲಿನ ಮೇಲೊಂದು ಜೀವಂತ ಕುರಿ.
ಕ್ಯಾಬಿನ್ನಿನೊಳಗೆ ಜರಿಯ ಪರದೆ, ಪ್ಲಾಸ್ಟಿಕ್ ಗುಲಾಬಿ,
ಮಾತೆ ಮರಿಯಾಮಳ ಪಟಕ್ಕೆ ಮಿಣುಕು ದೀಪ.
ಕೆಳಗೆ ಮಲಗಿ ನೋಡಿದರೆ
ಗ್ರೀಸ್ ನಿಪ್ಪಲ್ಲಿಗೆ ಮಣ್ಣಿನ ಟೋಪಿ.
ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಹಿಟ್ಟಿಲ್ಲ.

“ಒಂಚೂರು ಗ್ರೀಸ್ ಹೊಡಿ, ಸಾಕು.”
ಎಲ್ಲರೂ ಹಾಗೇ ಅನ್ನುತ್ತಾರೆ.

ಜಾಕಿ ಏರಿಸಿ, ಎಡಗಾಲಿಯ ತಲೆಗೊಂದು ಕೈ, ಬುಡಕ್ಕೊಂದು ಕೈ ಕೊಟ್ಟು
ಅಲುಗಿಸಿದೆ. ಟಕ್.
ಕಿವಿ ಕೊಡು, ಇದಕ್ಕೆ ಆಟ ಅನ್ನುತ್ತಾರೆ, ಅಂದೆ ಹುಮ್ಮದನಿಗೆ.
ಮೊನ್ನೆಯವರೆಗೆ ಒಂಟೆ ಕಾಯುತ್ತಿದ್ದ ಹುಡುಗ. ನಕ್ಕ.
“ಆಡಿದರೆ ತಪ್ಪೇನು?”
ಕೂದಲೆಳೆಯಷ್ಟು ಆಡಲಿ, ಗ್ರೀಸು ಕೂರಲು.
ಹೆಚ್ಚಿಗೆ ಆಡಿದರೆ, ಆಡುವವನು ಬೇರೆ.

ಕಿಂಗ್‌ಪಿನ್. ಹೆಸರಿಗೆ ರಾಜ, ಇರುವುದು ಒಂದು ಗೇಣು.
ಮುಂಗಾಲಿ ಹೊರಳುವುದೆಲ್ಲ ಅವನ ಸುತ್ತ.
ಡ್ರಮ್ಮು ಇಳಿಸಿ, ಬೀಗದ ಮೊಳೆ ಕಿತ್ತು,
ಹನ್ನೆರಡು ಪೌಂಡಿನ ಸುತ್ತಿಗೆಯಲ್ಲಿ
ನಾನು ಇಪ್ಪತ್ತು, ತೆಕೆಸ್ತೆ ಇಪ್ಪತ್ತು. ಜಗ್ಗಲಿಲ್ಲ.
ಗ್ಯಾಸಿನ ಬೆಂಕಿ ಕೊಟ್ಟೆವು. ಬೈದೆವು,
ನಾನು ಅಮ್ಹಾರಿಕ್‌ನಲ್ಲಿ, ಅವನು ತಿಗ್ರಿನ್ಯಾದಲ್ಲಿ,
ಹುಮ್ಮದ್ ಅಫಾರ್ ಭಾಷೆಯಲ್ಲಿ.
ಯಾವುದು ನಾಟಿತೋ, ಐವತ್ತೆರಡನೇ ಏಟಿಗೆ
ಸಿಂಹಾಸನ ಬಿಟ್ಟು ಮಣ್ಣಿಗೆ ಬಿದ್ದ.
ತಾಡಪಾಲಿನ ಮೇಲೆ ಕುರಿ ಎದ್ದು ನಿಂತಿತು.

ಟಾರ್ಚು ಹಿಡಿದು ನೋಡಿದೆವು.
ಒಂದೇ ಮಗ್ಗುಲು ಸವೆದಿತ್ತು,
ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು.

“ಎಡಕ್ಕೆ ಮಾತ್ರ ಹಾಕು,” ಅಂದ, ನೋಟು ಎಣಿಸುತ್ತ.
ಒಂದೇ ಕಾಲಿಗೆ ಚಪ್ಪಲಿ ಕೊಳ್ಳುತ್ತೀಯಾ?
ಸುಮ್ಮನಾದ. ಮೇಲೆ ಕುರಿಯ ಕಡೆ ನೋಡಿದ.
ಕಾಫಿ ಹುರಿಯುತ್ತಿದ್ದ ಅತ್ಸೆದೆಯೂ ನೋಡಿದಳು.
ಬಲಗಡೆಯ ಪಿನ್ನಿಗೆ ಕುರಿ ಹೋಯಿತು.

ಹೊಸ ಬುಷ್ಷುಗಳು ಅವಳ ಐಸ್ ಡಬ್ಬಿಯಲ್ಲಿ
ಕಿತ್ತಳೆ ಸೋಡಾ ಬಾಟಲಿಗಳ ನಡುವೆ ಮೈ ಕುಗ್ಗಿಸಿ ಕಾಯುತ್ತಿದ್ದವು.
ತೆಗೆದು, ಬೆಚ್ಚಗಾಗುವ ಮೊದಲೇ, ಒಳಗೆ ತಳ್ಳಬೇಕು.
ತೂತಿಗೆ ತೂತು ಕೂಡಬೇಕು, ಇಲ್ಲದಿದ್ದರೆ ಗ್ರೀಸಿಗೆ ದಾರಿಯಿಲ್ಲ.
ನಾನೊಮ್ಮೆ ತಪ್ಪಿದ್ದೆ. ಕೊಂಬೊಲ್ಚಾ ಘಾಟಿ.
ಆ ಡ್ರೈವರನ ಹೆಸರು ಈ ಶೆಡ್ಡಿನಲ್ಲಿ ಹೇಳುವುದಿಲ್ಲ.
ರೀಮರ್ ತಿರುಗುವಾಗ ಯಾರೂ ಮಾತಾಡಲಿಲ್ಲ.
ಹಿತ್ತಾಳೆ, ಎಳ್ಳಿನಷ್ಟೆಳ್ಳಿನಷ್ಟೇ, ಉದುರುತ್ತಿತ್ತು.

ಬೆಳಗಿನ ಜಾವ ಹೊರಟವನು ಕಾಲು ಗಂಟೆಗೆ ವಾಪಸು.
“ಏನು ಮಾಡಿಟ್ಟೆ? ಈಗ ಬಲಕ್ಕೆ ಎಳೆಯುತ್ತಿದೆ!”
ಟೈರಾಡ್ ನೋಡಿದೆ. ನೂಲು ಕಟ್ಟಿ ಗಾಲಿಗೆ ಗಾಲಿ ಅಳೆದೆ. ನೇರ.
ಪಕ್ಕದಲ್ಲಿ ಕೂತು ಸೇತುವೆಯವರೆಗೆ ಹೋದೆ.
ಗಾಲಿ ಬಿಟ್ಟು ಕೈ ನೋಡಿದೆ:
ಐದು ವರ್ಷ, ಎಡಕ್ಕೆ ಜಾರುವ ಲಾರಿಯನ್ನು
ಬಲಕ್ಕೆ ಎಳೆದೆಳೆದು ತಂದ ಕೈ
ಇಲ್ಲದ ಜಾರಿಕೆಯನ್ನು ಇನ್ನೂ ಎಳೆಯುತ್ತಿತ್ತು.
ಭುಜವೂ ಒಂದು ಮಗ್ಗುಲಿಗೆ ಇಳಿದಿತ್ತು.

ಅದಕ್ಕೆ ನನ್ನ ಹತ್ತಿರ ಬುಷ್ ಇಲ್ಲ.
ಕೈ ಬಿಡು, ಅಂದೆ.
“ಬಿಟ್ಟರೆ?”
ಬಿಟ್ಟು ನೋಡು.
ಮೊದಲು ಕಿರುಬೆರಳು. ಆಮೇಲೆ, ಬಹಳ ಹೊತ್ತಿನ ಮೇಲೆ, ಉಳಿದವು.
ಟಾರಿನ ಬಿಳಿಗೆರೆ ತನ್ನಷ್ಟಕ್ಕೆ ಪಕ್ಕದಲ್ಲಿ ಬರುತ್ತಿತ್ತು.
ಅವನ ಎರಡು ಕೈಗಳು ತೊಡೆಯ ಮೇಲೆ
ಕೆಲಸ ಹೋದ ಅಣ್ಣತಮ್ಮಂದಿರ ಹಾಗೆ ಕೂತಿದ್ದವು.

ಇಳಿದು ನಡೆದು ಬಂದೆ. ಬಿಸಿಲು ಏರುತ್ತಿತ್ತು.
ಹುಮ್ಮದ್ ಹಳೆಯ ರಾಜನನ್ನು ನೆಲಕ್ಕೆ ಹೊಡೆದು
ಅತ್ಸೆದೆಯ ಕುರಿಯನ್ನು ಕಟ್ಟಿದ್ದ.
ಕುರಿ ಅವನ ಸುತ್ತ ಹೊರಳುತ್ತಿತ್ತು,
ಹಗ್ಗದ ಅಳತೆಗೆ ಸರಿಯಾಗಿ.